ಉಳಿದ ಒಂದು ಆಣೆ

ಮೂರು ಎಕರೆ ಹತ್ತು ಗುಂಟೆ ಹೊಲವನ್ನು ಇಬ್ಬರು ಅಣ್ಣತಮ್ಮಂದಿರು ಸಮ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು? ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವ ಯಾವ ಮುದುಕನನ್ನು ಕೇಳಿದರೂ, ಕಪ್ಪು ಕೆಳಗಿಡುವುದರೊಳಗೆ ‘ಒಂದು ಎಕರೆ ಇಪ್ಪತ್ತೈದು ಗುಂಟೆ’ ಅನ್ನುತ್ತಾನೆ. ಮೊನ್ನೆ ಊರಿನವರೊಬ್ಬರ ಮೊಬೈಲಿನಲ್ಲಿ ಕಂಡ ಆ್ಯಪು ಮಾತ್ರ ಎಕರೆ-ಗುಂಟೆಯ ನಡುವೆ ದಶಮಾಂಶದ ಚುಕ್ಕಿ ಇಟ್ಟು ಭಾಗಿಸಿ 1.55 ಅಂದಿತು. ಒಂದು ಎಕರೆ ಐವತ್ತೈದು ಗುಂಟೆ! ಎಕರೆಗೆ ಇರುವುದೇ ನಲವತ್ತು ಗುಂಟೆ. ಇಬ್ಬರ ಪಾಲು ಕೂಡಿಸಿದರೆ 130 ಗುಂಟೆಯ ಹೊಲ 190 ಆಗಿ ಕೂತಿತ್ತು. ಘಟಪ್ರಭೆಯ ಕಾಲುವೆ ಬಂದಾಗಲೂ ನಮ್ಮ ಕಡೆ ಹೊಲ ಹೀಗೆ ಬೆಳೆದಿರಲಿಲ್ಲ. “ದೇವರು ಕೊಟ್ಟಾನ, ತಗೋರಿ” ಅಂದೆ. ಅವರು ನಗಲಿಲ್ಲ. ವಾಟ್ನಿ, ಅಂದರೆ ಆಸ್ತಿ ಪಾಲಿನ ಮಾತಿನಲ್ಲಿ ಯಾರು ನಗುತ್ತಾರೆ?

ಪ್ರೋಗ್ರಾಂ ಬರೆಯುವುದು ನನಗೆ ಹೊಟ್ಟೆಪಾಡೂ ಹೌದು, ಹುಚ್ಚೂ ಹೌದು. ಜಮೀನಿನ ಲೆಕ್ಕಕ್ಕೆ ನನ್ನದು ಒಂದೇ ಹಟ: ದಶಮಾಂಶದ ಚುಕ್ಕಿ ಮುಟ್ಟಬಾರದು, ಎಲ್ಲವನ್ನೂ ಆಣೆಗೆ ಇಳಿಸಬೇಕು. ಗುಂಟೆಗೆ 16 ಆಣೆ, ಎಕರೆಗೆ 640. ಆ ಹೊಲ 2080 ಆಣೆ. ಅರ್ಧ ಮಾಡಿದರೆ 1040, ಅಂದರೆ ಸರಿಯಾಗಿ 65 ಗುಂಟೆ. ತೋರಿಸುವಾಗಷ್ಟೇ ಎಕರೆ-ಗುಂಟೆ ವೇಷ ಹಾಕಿಸಿದರಾಯಿತು. ಈ ಉಪಾಯದ ನಿಜವಾದ ರುಚಿ ಗೊತ್ತಾಗುವುದು ಅಣ್ಣತಮ್ಮಂದಿರು ಮೂವರಾದಾಗ. ತಲೆಗೆ 693 ಆಣೆ, ಒಂದು ಆಣೆ ಶೇಷ. ಚುಕ್ಕಿಯ ಲೆಕ್ಕದಲ್ಲಿ ಅದು 693.33 ಎಂಬ ಬಾಲದೊಳಗೆ ಅಡಗಿಕೊಳ್ಳುತ್ತದೆ. ಪೂರ್ಣಾಂಕದಲ್ಲಿ ಎದುರಿಗೇ ಬಂದು ನಿಂತು ‘ನಾನು ಯಾರ ಪಾಲು’ ಅನ್ನುತ್ತದೆ. ಒಂದು ಆಣೆ ಎಂದರೆ 68 ಚದರಡಿ. ಎತ್ತು ಕಟ್ಟುವಷ್ಟು ಜಾಗ, ಮುಧೋಳದ ಕೋರ್ಟಿನವರೆಗೆ ಹೋಗಲು ಧಾರಾಳವಾಗಿ ಸಾಕು.

ಆ್ಯಪು ಬರೆದ ಹುಡುಗನಿಗೆ ಫೋನ್ ಮಾಡಿದೆ. ಅವನು ಆಗಲೇ ಸರಿಪಡಿಸಿದ್ದನಂತೆ.

“ಮೂರು ಮಂದಿ ಇದ್ರ, ಉಳಿದದ್ದು ಯಾರಿಗೆ ಹೋಗ್ತದಪಾ?”

“ಕೊನೀ ತಮ್ಮಗರಿ.”

“ಯಾಕ?”

“ಲೂಪ್ ಅಲ್ಲಿಗೇ ಮುಗೀತೈತ್ರಿ ಸರ.”

ಐಬಿಎಮ್ಮಿನ ಓಎಸ್/360 ಕಟ್ಟಿಸಿ ಹಣ್ಣಾದ ಫ್ರೆಡ್ ಬ್ರೂಕ್ಸ್ 1986ರಲ್ಲಿ, ಅರಿಸ್ಟಾಟಲನಿಂದ ಕಡ ತಂದು, ಸಾಫ್ಟ್‌ವೇರಿನ ತೊಡಕನ್ನು ಎರಡಾಗಿ ಸೀಳಿದರು: ಕೆಲಸದ ಹುಟ್ಟಿನಲ್ಲೇ ಇರುವುದು ಒಂದು, ನಾವು ಕೈಯಾರೆ ತಂದುಕೊಳ್ಳುವುದು ಇನ್ನೊಂದು. ಉಳಿದ ಆಣೆ ಮೊದಲನೆಯದು, 1.55 ಎರಡನೆಯದು. ನನ್ನ ಜಗಳ ಇರುವುದು ಎರಡನೆಯದನ್ನು ಹೊಸ ಸಾಮಾನು ತಂದು ಓಡಿಸಲು ಹೊರಡುವವರ ಜೊತೆ. ಆ ಹುಡುಗನ ಮುಂದಿನ ಯೋಜನೆ ಗುಂಟೆಯ ಲೆಕ್ಕಕ್ಕೇ ಒಂದು ಪ್ರತ್ಯೇಕ ಸರ್ವಿಸ್, ಅದನ್ನು ಕಾಯಲು ಮತ್ತೊಂದು! ಹದಿನಾರರ ಮಗ್ಗಿಗೆ ಎರಡು ಸರ್ವರು.

ಹುಟ್ಟಿನಲ್ಲೇ ಇರುವ ತೊಡಕು ಎಂದರೆ ನಮ್ಮ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ನೆನಪಾಗುತ್ತದೆ. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಉತಾರಗಳನ್ನು, ಅಂದರೆ ಪಹಣಿಗಳನ್ನು, ಕಂಪ್ಯೂಟರಿಗೆ ಏರಿಸಿದರು. ಅಲ್ಲಿ ಬೆವರಿಳಿಸಿದ್ದು ಕೋಡ್ ಅಲ್ಲ, ಉತಾರವೇ ಎಂದು ನನ್ನ ಅಂದಾಜು. 9ನೇ ಕಾಲಮ್ಮಿನಲ್ಲಿ ಜಂಟಿ ಹೆಸರು, 11ರಲ್ಲಿ ಸೊಸೈಟಿ ಸಾಲ, ಅ ಖರಾಬು, ಬ ಖರಾಬು, ಜೊತೆಗೆ ‘/2+3/1ಬ’ ಎಂಬಂಥ ಹಿಸ್ಸಾ ನಂಬರು. ಆ ಪ್ಲಸ್ಸಿನ ಹಿಂದೆ ಎಂದೋ ಕೂಡಿದ ಎರಡು ತುಂಡು, ಸ್ಲ್ಯಾಷಿನ ಹಿಂದೆ ಮತ್ತೆ ಒಡೆದ ಮನೆ. ಒಮ್ಮೆ ಒಂದು ಮೀಟಿಂಗಿನಲ್ಲಿ ಇಂಥ ನಂಬರುಗಳನ್ನು ‘ಕೊಳಕು ಡೇಟಾ’ ಎಂದು ಕರೆದು, ಪ್ಲಸ್ಸನ್ನೆಲ್ಲ ಅಳಿಸಿಬಿಡೋಣ ಎಂದವನೊಬ್ಬನಿದ್ದ. ಅವನಿಗೆ ಹೊಲ ಇದ್ದಿರಲಾರದು. ಇದ್ದಿದ್ದರೂ ಅಣ್ಣತಮ್ಮಂದಿರು ಇದ್ದಿರಲಾರರು.