ಬೆನ್ನಿಗೆ ಬಿದ್ದ ಖೋ

ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಬಡಾವಣೆಯ ಸಿ.ಎ. ಸೈಟಿನಲ್ಲಿ ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದೆ. ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತು, ತುಸು ಆತಂಕದಿಂದಲೇ, “ಯಾರಿಗಾದ್ರೂ ಅಲಾಟ್ ಆಯ್ತಾ ಇದು?” ಅಂದರು. ಖೋ ಖೋ ಅಂಕಣ ಸಾರ್, ಮಕ್ಕಳಿಗೆ ಅಂದೆ. ಅವರ ಮುಖ ಸಡಿಲವಾಯಿತು. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣವೆಂದರೆ ಹೆಚ್ಚುಕಡಿಮೆ ನಾಲ್ಕು 30×40ರ ಸೈಟು. ಅಷ್ಟು ಜಾಗವನ್ನು ಬರೀ ಓಡುವುದಕ್ಕೂ ಕೂರುವುದಕ್ಕೂ ಬಿಟ್ಟಿದ್ದೇವೆಂದರೆ ಈ ಕಾಲದಲ್ಲಿ ಯಾರ ಹೊಟ್ಟೆಯಾದರೂ ಚುರುಕ್ ಅನ್ನಬೇಕು.

ಕೂರುವುದು ಅಂದೆನಲ್ಲ, ಅದೇ ಈ ಆಟದ ಸೊಗಸು. ಬೇರೆ ಆಟಗಳಲ್ಲಿ ಕೂತವನೆಂದರೆ ಆಟದಿಂದ ಹೊರಗಿರುವವನು. ಖೋ ಖೋದಲ್ಲಿ ಅಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಸದಾ ಕೂತೇ ಇರುತ್ತಾರೆ. ಎರಡು ಕಂಬಗಳ ನಡುವಿನ ಪಟ್ಟಿಯಲ್ಲಿ ಎಂಟು ಚೌಕ. ಒಬ್ಬ ಮೂಡಣಕ್ಕೆ ಮುಖ ಮಾಡಿದರೆ ಪಕ್ಕದವನು ಪಡುವಣಕ್ಕೆ. ಕುಕ್ಕರಗಾಲಿನಲ್ಲಿ, ಹಿಮ್ಮಡಿ ಎತ್ತಿ, ಬೆರಳ ತುದಿ ನೆಲಕ್ಕೆ ತಾಗಿಸಿ. ಬಿಲ್ಲಿಗೆ ಹೂಡಿದ ಬಾಣದ ಹಾಗೆ ಅಂತ ಬರೆಯಬಹುದಿತ್ತು, ಆದರೆ ನಿಜ ಹೇಳಬೇಕೆಂದರೆ ಬಸ್ಸಿಗೆ ಕಾದು ಕಾಲು ಜೋಮು ಹಿಡಿದವರ ಹಾಗೆ. ಓಡುವವರು ಮೂವರು ಮೂವರಂತೆ ಒಳಗೆ ಬರುತ್ತಾರೆ. ಅವರು ಎರಡು ಬದಿಗೂ ನುಸುಳಬಹುದು, ಕೂತವರ ಸಂದಿನಲ್ಲಿ ಹಾಯಬಹುದು, ಎತ್ತ ಬೇಕಾದರೂ ತಿರುಗಬಹುದು. ಅಟ್ಟುವವನಿಗೆ ಈ ಯಾವ ಸೌಭಾಗ್ಯವೂ ಇಲ್ಲ. ನಡುವಿನ ಪಟ್ಟಿ ದಾಟುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬಿಡುವಂತಿಲ್ಲ. ಓಡುವವನು ಗೆರೆಯಾಚೆ ನಿಂತು ಹಲ್ಲು ಕಿರಿಯುತ್ತಿದ್ದರೆ ಇವನು ಮಾಡಬಹುದಾದ್ದು ಒಂದೇ: ತನಗೆ ಬೆನ್ನು ಕೊಟ್ಟು ಕೂತ ಗೆಳೆಯನ ಬೆನ್ನು ತಟ್ಟಿ “ಖೋ” ಅನ್ನುವುದು. ತಟ್ಟುವುದೂ ಕೂಗುವುದೂ ಒಟ್ಟಿಗೇ ಆಗಬೇಕು, ಇಲ್ಲವಾದರೆ ಫೌಲ್. ಅವನು ಚಿಮ್ಮಿ ಎದ್ದ ಚೌಕದಲ್ಲಿ ಇವನು ಕೂರಬೇಕು. ಆಟ ಗೆರೆಯಾಚೆಗೆ ಹೋಯಿತು. ಇವನ ಪಾಲಿಗೆ ಉಳಿದದ್ದು ಏದುಸಿರು.

ಈ ಕೂರುವುದೇ ನನಗೆ ಬಹಳ ದಿನ ಒಗ್ಗಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಕ್ಯಾಪ್ಟನ್ ಮಾಡಿದ್ದು ಆಟಕ್ಕಲ್ಲ, ಗಂಟಲಿಗೆ. ಪ್ರಾರ್ಥನೆಯ ಹೊತ್ತಿಗೆ “ಸಾವಧಾನ್, ವಿಶ್ರಾಮ್” ಕೂಗುತ್ತಿದ್ದವನು ನಾನು. ಊರಾಚೆಯ ಕಬ್ಬಿನ ಗದ್ದೆಯವರಿಗೂ ಕೇಳುತ್ತಿತ್ತಂತೆ. ಕ್ಯಾಪ್ಟನ್ ಆದವನಿಗೆ ಕೂಗುವುದರ ಜೊತೆಗೆ ಇನ್ನೊಂದು ಕೆಲಸವೂ ಇದೆಯೆಂದು ತಿಳಿದದ್ದು ಹೋಬಳಿ ಮಟ್ಟದ ಪಂದ್ಯದ ಹಿಂದಿನ ದಿನ. ಯಾರು ಮೊದಲ ಮೂವರಲ್ಲಿ ಓಡಬೇಕು, ಯಾರು ಕೊನೆಗೆ ಎಂದು ಬರೆದು ಕೊಡಬೇಕಿತ್ತು. ನನ್ನ ಜೀವದ ಗೆಳೆಯ, ಒಂದೇ ಬೆಂಚಿನವನು, ಮೊದಲ ಮೂವರಲ್ಲಿ ತನ್ನ ಹೆಸರು ಇದ್ದೇ ಇರುತ್ತದೆಂದು ಬನಿಯನ್ ಒಗೆದು ಒಣಗಿಸಿಕೊಂಡಿದ್ದ. ಅವನು ವೇಗವಾಗಿ ಓಡುತ್ತಿದ್ದ, ಆದರೆ ನೇರ ಓಡುತ್ತಿದ್ದ. ಖೋ ಖೋದಲ್ಲಿ ನೇರ ಓಡುವವನು ಎದುರಾಳಿಗೆ ಹಬ್ಬದೂಟ. ರಾತ್ರಿಯೆಲ್ಲ ಹೊರಳಾಡಿ ಅವನ ಹೆಸರನ್ನು ಮೂರನೇ ತಂಡಕ್ಕೆ ಬರೆದೆ. ಹದಿನಾಲ್ಕರ ವಯಸ್ಸಿನಲ್ಲಿ ಅದಕ್ಕಿಂತ ಕಷ್ಟದ ಬರವಣಿಗೆ ನಾನು ಮಾಡಿರಲಿಲ್ಲ. ಅವನು ಎರಡು ದಿನ ನನ್ನ ಜೊತೆ ಚಿತ್ರಾನ್ನ ಹಂಚಿಕೊಳ್ಳಲಿಲ್ಲ. ಪಂದ್ಯದಲ್ಲಿ ಇಪ್ಪತ್ತು ಸೆಕೆಂಡಿಗೆ ಔಟಾದ. ನನ್ನ ಲೆಕ್ಕ ಸರಿಯಿತ್ತು ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೋಬಳಿ ಹೇಗೋ ದಾಟಿದೆವು. ತಾಲ್ಲೂಕು ಮಟ್ಟದ ಫೈನಲ್‌ನಲ್ಲಿ ಎದುರಾಳಿ ತಂಡದ ಕೊನೆಯವನೊಬ್ಬ ಉಳಿದಿದ್ದ. ಸಣಕಲು ಹುಡುಗ, ಎಡಗಾಲಿಗೆ ಬ್ಯಾಂಡೇಜು. ಅವನನ್ನು ಹಿಡಿದರೆ ಸೋಲು ತಪ್ಪಿತು. ನನಗೆ ಖೋ ಸಿಕ್ಕಿತು. ಒಂದು ಕೈ ಅಳತೆಯಲ್ಲಿದ್ದ. ಬೆನ್ನಟ್ಟಿದೆ. ಕಂಬದವರೆಗೆ ಹೋದೆ, ಕಂಬ ಸುತ್ತಿದೆ, ಮತ್ತೆ ಓಡಿದೆ. ಪ್ರತಿ ಸಲವೂ ಬೆರಳು ಅವನ ಅಂಗಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವನು ಸಂದಿನಲ್ಲಿ ಜಾರಿ ಆಚೆ ಬದಿಗೆ. ಆಚೆ ಬದಿಗೆ ಮುಖ ಮಾಡಿ ನಾಲ್ವರು ಕೂತಿದ್ದರು; ನಾಲ್ಕೂ ಬೆನ್ನುಗಳು ನನ್ನ ಕಡೆಗಿದ್ದವು. ಮುಟ್ಟಿದ್ದರೆ ಸಾಕಿತ್ತು. ನಾನು ಮುಟ್ಟಲಿಲ್ಲ. ನಾನೇ ಹಿಡಿಯಬೇಕಿತ್ತಲ್ಲ! ವಿಸಿಲ್ ಊದಿದರು. ಒಂದು ಪಾಯಿಂಟಿನಿಂದ ಸೋತೆವು. ಕೂತಿದ್ದ ಎಂಟು ಜನ ಎದ್ದು ಚಡ್ಡಿಯ ಮಣ್ಣು ಕೊಡವಿಕೊಂಡರು. ಒಬ್ಬನೂ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪಿ.ಟಿ. ಮೇಷ್ಟ್ರೂ ಬೈಯಲಿಲ್ಲ. ಮರುದಿನದಿಂದ ಒಂದು ತಿಂಗಳು ನನಗೊಂದೇ ಅಭ್ಯಾಸ: ಮೂರು ಹೆಜ್ಜೆ ಓಡು, ಖೋ ಕೊಟ್ಟು ಕೂರು. ನಾಲ್ಕನೇ ಹೆಜ್ಜೆ ಇಟ್ಟರೆ ಮೈದಾನಕ್ಕೆ ಎರಡು ಸುತ್ತು. ಹೀಗೆ ಕೂತೂ ಕೂತೂ, ಓಡುವಾಗ ಕಾಣದ್ದೆಲ್ಲ ಕಾಣತೊಡಗಿತು. ಆರನೇ ಚೌಕದವನು ಬಲಕ್ಕೆ ಏಳುವುದೇ ಇಲ್ಲ, ಸದಾ ಎಡಕ್ಕೆ. ಎರಡನೆಯವನಿಗೆ ಮೊಣಕಾಲು ನೋವು, ಹೇಳಿಕೊಳ್ಳುವುದಿಲ್ಲ. ಮೈಭಾರವನ್ನು ಮೆಲ್ಲಗೆ ಒಂದೇ ಕಾಲಿಗೆ ಬದಲಾಯಿಸುತ್ತಾನೆ. ಕಂಬದ ಬಳಿಯವನು ಯಾವಾಗಲೂ ಕತ್ತು ತಿರುಗಿಸಿ ಹಿಂದೆ ನೋಡುವವನು, ಹಾಗಾಗಿ ಏಳುವುದು ಅರ್ಧ ಸೆಕೆಂಡು ತಡ. ನೋಡಬೇಡ, ಕೇಳಿಸಿಕೋ ಎಂದು ಮೇಷ್ಟ್ರು ಅವನ ಕಣ್ಣಿಗೆ ಟವೆಲು ಕಟ್ಟಿ ಕೂರಿಸುತ್ತಿದ್ದರು. ಬರಿಗಾಲು ಮಣ್ಣಿನ ಮೇಲೆ ಬೀಳುವ ಸದ್ದಿನಲ್ಲೇ ಬರುತ್ತಿರುವವನು ಯಾರು, ಎಷ್ಟು ದೂರ, ಖೋ ಕೊಡುತ್ತಾನೋ ಮುಂದೆ ಹಾಯುತ್ತಾನೋ ಎಂದು ಹೇಳುವಷ್ಟಾದ. ಈ ಎಂಟು ಬೆನ್ನುಗಳ ಚರಿತ್ರೆ ಕ್ಯಾಪ್ಟನ್ ಆದ ನನಗೆ ಫೈನಲ್‌ಗೆ ಮುಂಚೆ ಒಂದಕ್ಷರ ಗೊತ್ತಿರಲಿಲ್ಲ.

ಮುಂದೆ ಕೆಲಸಕ್ಕೆ ಸೇರಿದ ಮೇಲೆ ಕಚೇರಿಯವರು ಒಮ್ಮೆ ನಾಯಕತ್ವದ ತರಬೇತಿಗೆಂದು ರೆಸಾರ್ಟಿಗೆ ಕರೆದೊಯ್ದರು. ಬಲೂನು ಊದಿಸಿದರು, ಪೇಪರ್ ಕಪ್ಪಿನಲ್ಲಿ ಗೋಪುರ ಕಟ್ಟಿಸಿದರು. ಟೈ ಕಟ್ಟಿದ ತರುಣನೊಬ್ಬ ಬೋರ್ಡಿನ ಮೇಲೆ ದೊಡ್ಡದಾಗಿ ‘ಡೆಲಿಗೇಷನ್’ ಎಂದು ಬರೆದು ನಲವತ್ತು ನಿಮಿಷ ವಿವರಿಸಿದ. ನಮ್ಮ ಮೇಷ್ಟ್ರು ಅದನ್ನು ಮೈದಾನದ ಅಂಚಿನಿಂದ ಎರಡು ಪದದಲ್ಲಿ ಮುಗಿಸಿ, ಮೂರನೆಯದನ್ನು ಕೊಸರಾಗಿ ಸೇರಿಸುತ್ತಿದ್ದರು: “ಖೋ ಕೊಡೋ, ಕತ್ತೆ!”

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆದಾಗ ಮನೆಯಲ್ಲಿ ಟಿ.ವಿ. ರಿಮೋಟಿಗಾಗಿ ನಾನು ಮಾಡಿದ ಹೋರಾಟ ಬೇರೆಯೇ ಪ್ರಬಂಧವಾಗುತ್ತದೆ. ಗಂಡಸರ ಫೈನಲ್ಲಿನಲ್ಲೂ ಹೆಂಗಸರ ಫೈನಲ್ಲಿನಲ್ಲೂ ಭಾರತಕ್ಕೆ ನೇಪಾಳವೇ ಎದುರಾಳಿ. ಎರಡೂ ಕಪ್ ನಮಗೇ ಬಂದವು. ಹೆಂಗಸರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಗಂಡಸರಲ್ಲಿ ಮಂಡ್ಯದ ಎಂ.ಕೆ. ಗೌತಮ್. ಚೈತ್ರಾ ಓಡುವುದನ್ನು ನೋಡಬೇಕು: ಅಟ್ಟುವವಳು ಖೋ ಕೊಡಲೇಬೇಕಾದ ಗಳಿಗೆಯವರೆಗೆ ಕಾದು, ಕೊಟ್ಟ ಕೂಡಲೇ ಕೂತವರ ಸಂದಿನಲ್ಲಿ ಮಾಯ. ಮೈದಾನದಲ್ಲಿ ಈಗ ಮಣ್ಣಿಲ್ಲ, ಮ್ಯಾಟು. ಬರಿಗಾಲಿಲ್ಲ, ಶೂ. ಅದೆಲ್ಲ ಒಳ್ಳೆಯದೇ, ನಮ್ಮ ಮಂಡಿಗಳಂತೆ ಅವರ ಮಂಡಿಗಳು ತರಚಲಾರವು. ಹೊಸ ಆಟದಲ್ಲಿ ನನಗೆ ಸೇರದ್ದು ‘ವಜೀರ’ನೊಬ್ಬನೇ. ಯಾವ ದಿಕ್ಕಿಗಾದರೂ ಓಡಬಹುದೆಂದು ಅಟ್ಟುವವರಲ್ಲಿ ಅವನಿಗೆ ವಿಶೇಷ ಪರವಾನಗಿ. ನೋಡುವವರಿಗೆ ರೋಮಾಂಚನವೇನೋ ಹೌದು. ಆದರೆ ತಿರುಗುವಂತಿಲ್ಲ ಎಂಬ ಕಟ್ಟು ಇದ್ದದ್ದರಿಂದಲ್ಲವೇ ಪಕ್ಕದವನು ಬೇಕಾಗುತ್ತಿದ್ದದ್ದು? ಆ ತಾಲ್ಲೂಕು ಫೈನಲ್‌ನಲ್ಲಿ ನಾನು ಆಗಬೇಕೆಂದಿದ್ದದ್ದೂ ವಜೀರನೇ.

ನಮ್ಮ ಭಾನುವಾರದ ತಂಡದಲ್ಲಿ ವಜೀರನಿಲ್ಲ. ಹತ್ತರಿಂದ ಹದಿನಾಲ್ಕರವರೆಗಿನ ಹುಡುಗ ಹುಡುಗಿಯರು. ಕ್ರಿಕೆಟ್ ಕೋಚಿಂಗಿಗೆ ಹೋಗುವವರು ಹೋದ ಮೇಲೆ ಉಳಿದವರು. ಅವರಲ್ಲೊಬ್ಬಳು, ಆರನೇ ಕ್ಲಾಸು, ಮಾತೇ ಆಡದವಳು. ಹೆಸರು ಕೇಳಿದರೆ ಅಮ್ಮನ ಮುಖ ನೋಡುವವಳು. ಮೊದಲ ವಾರ ಅವಳು ಬೆನ್ನು ಮುಟ್ಟಿ ತುಟಿ ಆಡಿಸಿದ್ದಷ್ಟೇ, ಖೋ ಅನ್ನುವುದು ಕೂತವನಿಗೂ ಕೇಳಲಿಲ್ಲ. ಫೌಲ್ ಕೊಟ್ಟೆ. ಮತ್ತೆ ಹಾಗೇ. ಮತ್ತೆ ಫೌಲ್. ನಾಲ್ಕನೆಯ ಸಲಕ್ಕೆ ಅವಳ ತಂಡದವರೇ ರೇಗಿದರು, “ಜೋರಾಗಿ ಹೇಳೇ, ನಮ್ಗೆ ಕೇಳ್ಬೇಕಲ್ವಾ!” ನಾನು ಮಧ್ಯೆ ಬಾಯಿ ಹಾಕಲು ಹೋಗಿ ಸುಮ್ಮನಾದೆ. ಎರಡು ವಾರ ಅವಳು ಬರಲಿಲ್ಲ. ಫೌಲ್ ಕೊಟ್ಟಿದ್ದು ಅತಿಯಾಯಿತೇನೋ ಎಂದು ಕೊರಗಿದೆ. ಮೂರನೇ ವಾರ ಬಂದಳು. ಮನೆಯ ಟೆರೇಸಿನಲ್ಲಿ ತುಳಸಿಕಟ್ಟೆಗೆ ಖೋ ಕೊಟ್ಟು ಕೊಟ್ಟು ಅಭ್ಯಾಸ ಮಾಡುತ್ತಿದ್ದಾಳೆಂದು ಅವರಮ್ಮ ನಗುತ್ತ ಹೇಳಿದರು.

ಮೊನ್ನೆ ಭಾನುವಾರ ಒಬ್ಬ ಹುಡುಗ ಬರಲಿಲ್ಲ. ಎಂಟನೇ ಚೌಕ ಖಾಲಿ. ನೀವೇ ಕೂತ್ಕೊಳ್ಳಿ ಅಂಕಲ್ ಎಂದು ಎಲ್ಲರೂ ಗಂಟುಬಿದ್ದರು. ಐವತ್ತು ದಾಟಿದ ಮಂಡಿಗಳನ್ನು ಮಡಚಿ, ಲಟಕ್ ಎಂದ ಸದ್ದು ಯಾರಿಗೂ ಕೇಳಿಸಲಿಲ್ಲವೆಂದುಕೊಂಡು, ಬೆರಳ ತುದಿ ನೆಲಕ್ಕೂರಿ ಕೂತೆ. ಹಿಂದಿನಿಂದ ಹಗುರವಾದ ಹೆಜ್ಜೆ. ಹತ್ತಿರ ಬಂತು. ಪುಟ್ಟ ಅಂಗೈ ಬೆನ್ನಿಗೆ ಫಟ್ಟೆಂದು ಬಡಿಯಿತು, ಜೊತೆಗೇ ಕಿವಿ ಕಿವುಡಾಗುವ ಹಾಗೆ “ಖೋ!” ಎದ್ದೆ. ಎಡಕ್ಕೆ ತಿರುಗಿದೆ. ಹದಿಮೂರು ವರ್ಷದ ಪೋರನೊಬ್ಬ ಎರಡು ಮಾರು ಮುಂದೆ, ಈಗ ಸಿಕ್ಕ ಅನ್ನುವ ಹಾಗೆ. ಮೈಯಲ್ಲಿ ಹಳೆಯ ಬಿಸಿಯೇರಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲೆತ್ತಿದ್ದೆನಷ್ಟೇ, ನನ್ನ ಚೌಕದಲ್ಲಿ ಆಗಲೇ ಕುಕ್ಕರಗಾಲಿನಲ್ಲಿ ಕೂತಿದ್ದವಳು ಇಡೀ ಬಡಾವಣೆಗೆ ಕೇಳುವಂತೆ ಕೂಗಿದಳು:

“ಅಂಕಲ್, ಖೋ ಕೊಡಿ!”