ಹೆರಿಗೆಯ ಹೊತ್ತಿನ ಪೆನಿಸಿಲಿನ್

ನಮ್ಮ ಮಾಸೂರಿನ ಕಡೆ ಕೂಸು ಹುಟ್ಟಿದ ಐದನೆಯ ದಿನ ಸೆಟವಿಯನ್ನು ಪೂಜಿಸುವ ವಾಡಿಕೆಯುಂಟು. ಆ ರಾತ್ರಿ ಆಕೆ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆಂಬುದು ನಂಬಿಕೆ. ನನ್ನ ತಾಯಿಯ ಚೊಚ್ಚಲ ಕೂಸು ಆ ಐದನೆಯ ದಿನವನ್ನು ಕಾಣಲಿಲ್ಲ. ಹುಟ್ಟಿದಾಗ ಗಟ್ಟಿಯಾಗಿ ಅತ್ತಿದ್ದ ಗಂಡುಕೂಸು ಮರುದಿನ ಮೊಲೆ ಹಿಡಿಯಲಿಲ್ಲ. ನರಳಿತು, ಮೈ ತಣ್ಣಗಾಯಿತು, ಮೂರನೆಯ ದಿನ ಹೋಯಿತು. ದೃಷ್ಟಿಯೆಂದರು, ಬಾಲಗ್ರಹವೆಂದರು. ನಿಜವಾದ ಕಾರಣವನ್ನು ಈಗ ಯಾರೂ ಹೇಳಲಾರರು. ಅವ್ವ ಮಾತ್ರ ಎಂಬತ್ತು ದಾಟಿದ ಮೇಲೂ ತಾನು ಉಂಡದ್ದರಲ್ಲಿ, ತಾನು ನಡೆದಾಡಿದ್ದರಲ್ಲಿ ತಪ್ಪು ಹುಡುಕುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲಿತ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಆಕೆಯ ಮಗಳು ಅಮೆರಿಕದಲ್ಲಿದ್ದಾಳೆ, ಒಂಬತ್ತು ತಿಂಗಳ ಗರ್ಭಿಣಿ. ಚಹಾ ಆರಿದರೂ ಕುಡಿಯದೆ ಕುಳಿತವಳು ಕೊನೆಗೆ ಮೆಲ್ಲಗೆ, "ಅಕ್ಕೋರೇ, ಮಗಳಿಗೆ ಅದೇನೋ ಜಿಬಿಎಸ್ ಪಾಸಿಟಿವ್ ಬಂದೈತಂತ್ರಿ. ಬ್ಯಾನಿ ಸುರು ಆದಕೂಡ್ಲೆ ಸಲಾಯಿನ್ ಹಚ್ಚಿ ಪೆನಿಸಿಲಿನ್ ಕೊಡ್ತಾರಂತ. ಬೀಗರ ಮುಂದ ಇದನ್ನ ಹೆಂಗ ಹೇಳಲಿರಿ?" ಎಂದಳು. ಅವಳಿಗೆ ಕ್ರಿಮಿಯ ಭಯಕ್ಕಿಂತ ಬೀಗರ ಭಯ ಹೆಚ್ಚಾಗಿತ್ತು. 'ಪಾಸಿಟಿವ್' ಎಂಬ ಶಬ್ದ ನಮ್ಮಲ್ಲಿ ಬಹಳ ಕೆಟ್ಟ ಹೆಸರು ಸಂಪಾದಿಸಿದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಅಜ್ಜಿಯರಾಗುವ ಹೊಸ್ತಿಲಲ್ಲಿದ್ದಾರೆ.

ಜಿಬಿಎಸ್ ಎಂದರೆ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ. ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಪದ ಅಗಲಾಕ್ಟಿಯೆ, ಅಂದರೆ 'ಹಾಲಿಲ್ಲದ್ದು'. 1887ರಲ್ಲಿ ಫ್ರಾನ್ಸಿನ ಪಶುವೈದ್ಯರು ಇದನ್ನು ಮೊದಲು ಗುರುತಿಸಿದ್ದು ಆಕಳುಗಳ ಕೆಚ್ಚಲು ಬಾವಿನಲ್ಲಿ. 1933ರಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿ ಈ ಕುಲದ ಬ್ಯಾಕ್ಟೀರಿಯಗಳನ್ನು ಗುಂಪುಗಳಾಗಿ ವಿಂಗಡಿಸಿದಾಗ ಇದು 'ಬಿ' ಗುಂಪಿಗೆ ಸೇರಿತು. (ಇಷ್ಟು ದೊಡ್ಡ ಕೆಲಸ ಮಾಡಿದ ಆ ಮಹಿಳೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ.) ಜಗತ್ತಿನ ಗರ್ಭಿಣಿಯರಲ್ಲಿ 100ಕ್ಕೆ ಸುಮಾರು 18 ಮಂದಿಯ ಕರುಳಿನಲ್ಲಿ, ಯೋನಿಯಲ್ಲಿ ಇದು ಸುಮ್ಮನೆ ವಾಸವಾಗಿರುತ್ತದೆ, ಬರುತ್ತದೆ, ಹೋಗುತ್ತದೆ. ಸಾಮಾನ್ಯವಾಗಿ ತಾಯಿಗೆ ಅದರ ಅರಿವೂ ಇರುವುದಿಲ್ಲ. ಇದು ಕೊಳಕಿನಿಂದ ಬಂದ ರೋಗವಲ್ಲ, ನಡತೆಯಿಂದ ಬಂದ ರೋಗವಲ್ಲ. ಆಕೆಯ ಮಟ್ಟಿಗೆ ರೋಗವೇ ಅಲ್ಲ.

ಅಪಾಯವಿರುವುದು ಕೂಸಿಗೆ. ಅಂಥ ತಾಯಂದಿರ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೆರಿಗೆಯಲ್ಲಿ ಇದು ಅಂಟುತ್ತದೆ. ಔಷಧವಿಲ್ಲದಿದ್ದರೆ, ಹಾಗೆ ಅಂಟಿಸಿಕೊಂಡ 100 ಕೂಸುಗಳಲ್ಲಿ ಒಂದೋ ಎರಡೋ ಮಾತ್ರ ಕಾಯಿಲೆ ಬೀಳುತ್ತವೆ. ಬಿದ್ದರೆ ಮಾತ್ರ ರಕ್ತದ ನಂಜು, ನ್ಯುಮೋನಿಯ, ಮಿದುಳಿನ ಪೊರೆಯ ಉರಿಯೂತ. ಅದೂ ಹೆಚ್ಚಾಗಿ ಹುಟ್ಟಿದ ಮೊದಲ ದಿನದಲ್ಲೇ.

"ಹಂಗಾರ ಈಗ ಗುಳಿಗಿ ಕೊಟ್ಟು ತೆಗೀಬಾರದೇನ್ರಿ?" ಎಂಬ ಅವಳ ಪ್ರಶ್ನೆ ಜಾಣ ಪ್ರಶ್ನೆಯೇ. ಈಗ ಗುಳಿಗೆ ನುಂಗಿದರೆ ಹೆರಿಗೆಯ ಹೊತ್ತಿಗೆ ಅದು ಕರುಳಿನಿಂದ ಮತ್ತೆ ಬಂದಿರುತ್ತದೆ. ಆದ್ದರಿಂದಲೇ ಅಮೆರಿಕದಲ್ಲಿ 36-37ನೆಯ ವಾರದಲ್ಲಿ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಪರೀಕ್ಷಿಸಿ, ಬೇನೆ ಆರಂಭವಾದ ಮೇಲೆ ಪೆನಿಸಿಲಿನ್ ಅನ್ನು ರಕ್ತನಾಳಕ್ಕೆ ಕೊಟ್ಟು, ಹೆರಿಗೆಯಾಗುವ ತನಕ ನಾಲ್ಕು ತಾಸಿಗೊಮ್ಮೆ ಮುಂದುವರಿಸುತ್ತಾರೆ. ಕೂಸು ಹುಟ್ಟುವುದಕ್ಕೆ ನಾಲ್ಕು ತಾಸಾದರೂ ಮೊದಲು ಔಷಧ ಸೇರಿರಬೇಕು. ಅಲ್ಲಿ 1990ರ ಸುಮಾರಿಗೆ ಸಾವಿರ ಕೂಸುಗಳಲ್ಲಿ 1.8ರಷ್ಟಿದ್ದ ಈ ಕಾಯಿಲೆ 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ಬ್ರಿಟನ್ನಿನವರು ಎಲ್ಲರನ್ನೂ ಪರೀಕ್ಷಿಸದೆ, ಅಪಾಯದ ಲಕ್ಷಣ ಕಂಡವರಿಗೆ ಕೊಡುವ ದಾರಿ ಹಿಡಿದರು.

ನಮ್ಮಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ಪದ್ಧತಿಯಿಲ್ಲ. ಇದನ್ನು ಬರಿಯ ಅಲಕ್ಷ್ಯವೆನ್ನುವುದು ಸರಿಯಲ್ಲ. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಾಗಿ ಕಂಡದ್ದು ಬೇರೆ ಕ್ರಿಮಿಗಳು: ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲ, ಇ. ಕೋಲಿ. ಅವುಗಳಲ್ಲಿ ಅನೇಕವು ಔಷಧಗಳಿಗೆ ಬಗ್ಗುತ್ತಿರಲಿಲ್ಲ. ಹೆರಿಗೆಯ ಹೊತ್ತಿನ ಔಷಧದ ದೊಡ್ಡ ಪ್ರಯೋಗವೊಂದರಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿತ್ತು. ಏಳು ದೇಶಗಳ 29 ಸಾವಿರಕ್ಕಿಂತ ಹೆಚ್ಚು ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಬೇನೆಯ ಹೊತ್ತಿನಲ್ಲಿ ಒಂದೇ ಸಲ ಎರಡು ಗ್ರಾಂ ಅಜಿತ್ರೊಮೈಸಿನ್ ಕೊಡಲಾಯಿತು. 2023ರಲ್ಲಿ ಫಲಿತಾಂಶ ಬಂತು: ತಾಯಂದಿರ ನಂಜು ಅಥವಾ ಸಾವು 100ಕ್ಕೆ 2.4ರಿಂದ 1.6ಕ್ಕೆ ಇಳಿಯಿತು, ಆದರೆ ಕೂಸುಗಳಿಗೆ ಲಾಭ ಕಾಣಲಿಲ್ಲ. ಒಂದು ದೇಶದಲ್ಲಿ ಕೂಸನ್ನು ಕಾದ ಉಪಾಯವನ್ನೇ ಇನ್ನೊಂದು ದೇಶಕ್ಕೆ ಹಾಗೆಯೇ ಎತ್ತಿ ತರಲಾಗದು.

ಊರಿನಲ್ಲಿಯೇ ಹೆರುವವರು ಕೆಲವನ್ನು ನೆನಪಿಡಬೇಕು. ನೀರು ಒಡೆದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನೀರು ಒಡೆದು 18 ತಾಸಾಗುತ್ತ ಬಂದರೂ ಹೆರಿಗೆಯಾಗದಿದ್ದರೆ, ಬೇನೆಯಲ್ಲಿ ಜ್ವರ ಬಂದರೆ, 37 ವಾರ ತುಂಬುವ ಮೊದಲೇ ಬೇನೆ ಬಂದರೆ, ಹಿಂದಿನ ಕೂಸಿಗೆ ಈ ಕಾಯಿಲೆಯಾಗಿದ್ದರೆ ಕೇಳುವವರೆಗೆ ಕಾಯದೆ ವೈದ್ಯರಿಗೆ ಹೇಳಿ. ನೀರು ಒಡೆದ ಕೂಡಲೇ ಆಸ್ಪತ್ರೆಗೆ ಹೊರಡಿ, ಬೇನೆ ಬರಲೆಂದು ಮನೆಯಲ್ಲಿ ಕೂಡಬೇಡಿ. ಪೆನಿಸಿಲಿನ್‌ನಿಂದ ಹಿಂದೆ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನೂ ಮೊದಲೇ ತಿಳಿಸಿ, ಬದಲಿ ಔಷಧಗಳಿವೆ. ಔಷಧ ತೆಗೆದುಕೊಂಡ ಬಾಣಂತಿ ಹಾಲೂಡಿಸಬಹುದು. ಆದರೆ ಮೊದಲ ವಾರ ಕಳೆದ ಮೇಲೆ ಬರುವ ಇದೇ ಕಾಯಿಲೆಯನ್ನು ಈ ಪೆನಿಸಿಲಿನ್ ತಡೆಯದು. ಕೂಸು ಹಾಲು ಬಿಟ್ಟರೆ, ನರಳಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಆ ತಾಸಿನಲ್ಲೇ ಆಸ್ಪತ್ರೆಗೆ ಒಯ್ಯಬೇಕು, ನಿವಾಳಿಸುವುದು ಆಮೇಲೆ.

ಬೀಗರಿಗೆ ಏನು ಹೇಳಬೇಕೆಂದು ಆಕೆ ಮತ್ತೆ ಕೇಳಿದಳು. "ಕೂಸಿಗೆ ಕಾವಲು ಹಾಕ್ಯಾರ ಅಂತ ಹೇಳವಾ" ಎಂದೆ.