ವೀರಗಲ್ಲನ್ನು ಓದುವ ಬಗೆ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಸಂಚರಿಸುವಾಗ ಹನುಮಪ್ಪನ ಗುಡಿಗಳ ಬಳಿ ಅರ್ಧ ಹೂತ ವೀರಗಲ್ಲುಗಳನ್ನು ನಾವು ಕಂಡಿದ್ದೇವೆ. ಇವನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು: ಕೆಳಗೆ ಕಾಳಗವೋ ತುರುಗೋಳೋ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ಸೂರ್ಯಚಂದ್ರರು.

ಕ್ರಿ. ಪೂ. 480ರಲ್ಲಿ ಥರ್ಮೊಪಿಲೆಯ ಕಣಿವೆಯಲ್ಲಿ ಮಡಿದ ಸ್ಪಾರ್ಟದವರ ಕಲ್ಲಿನ ಪದ್ಯವನ್ನು ಹೆರೊಡೋಟಸನು ಉಳಿಸಿರುವನು. ಎರಡೇ ಪಂಕ್ತಿಗಳು. ದಾರಿಹೋಕನನ್ನೇ ಕರೆದು ತಮ್ಮ ನಾಡಿಗೆ ಸುದ್ದಿ ಮುಟ್ಟಿಸೆಂದು ಅದು ಬೇಡುತ್ತದೆ. ಸ್ವರ್ಗದ ಮಾತೇ ಇಲ್ಲ. ನಮ್ಮ ಕಲ್ಲಾದರೋ ಯಾರನ್ನೂ ಕೂಗದೆ, ವೀರನು ಸೇರಿದ ಲೋಕವನ್ನು ತೋರಿಸಿ ಸುಮ್ಮನಾಗುತ್ತದೆ.

ಮಂಡ್ಯ ಸೀಮೆಯ ಆತಕೂರಿನ ಕ್ರಿ. ಶ. 949-50ರ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನು ಸಹ ಉಳಿಸಿದೆ. ಅಕ್ಷರವಿಲ್ಲದ ಕಲ್ಲುಗಳಿಗೆ ಕೆಳಗಿನ ಚಿತ್ರವೇ ಶಾಸನ. ನೆಲದಲ್ಲಿ ಹೂತುಹೋಗಿರುವುದು ಅದೇ! ಎಣ್ಣೆ-ಸಿಂದೂರ ಹಚ್ಚುವ ಭಕ್ತರಿಗೆ ಲಿಂಗ ಕಾಣುತ್ತದೆ. ಆತನು ಸತ್ತ ಕಾರಣವು ಮಣ್ಣಿನಲ್ಲಿದೆ.